ಕಾಣದ ಎದುರಾಳಿ

ಆಟವಾಡುವುದು ಮಾನವನ ಹುಟ್ಟುಗುಣಗಳಲ್ಲಿ ಒಂದು. ಬಯಲಿನ ಆಟಗಳಲ್ಲಿ ಮೈಯ ಬಲಕ್ಕೆ ಪ್ರಾಧಾನ್ಯ. ಹಲಗೆಯ ಆಟಗಳಲ್ಲಿ ಬುದ್ಧಿಯ ಬಲಕ್ಕೆ ಪ್ರಾಧಾನ್ಯ. ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಚೌಕಾಬಾರ, ಪಗಡೆ, ಅಳಿಗುಳಿಮಣೆ, ಹುಲಿಕುರಿಯಾಟಗಳು ತಲೆಮಾರುಗಳಿಂದ ಬಳಕೆಯಲ್ಲಿವೆ. ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರೆ ಸಾಕು, ಆಟದ ಮನೆ ಸಿದ್ಧವಾಯಿತು. ದೇವಾಲಯಗಳ ಹಾಸುಗಲ್ಲಿನ ಮೇಲೆ ಕೊರೆದ ಇಂತಹ ಮನೆಗಳನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು.

ಈ ಆಟಗಳಲ್ಲೆಲ್ಲ ಸಾಮಾನ್ಯವಾದ ಒಂದು ಅಂಶವುಂಟು. ಆಡುವವರು ಎದುರುಬದುರಾಗಿ ಕುಳಿತಿರುತ್ತಾರೆ. ಚೌಕಾಬಾರದಲ್ಲಿ ಕವಡೆಗಳನ್ನು ಕೈಯಲ್ಲಿ ಕುಲುಕಿ ನೆಲದ ಮೇಲೆ ಚೆಲ್ಲಿದಾಗ ಬಿದ್ದ ಗರವನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಯಾರಾದರೂ ಕಾಯಿಯನ್ನು ಒಂದು ಮನೆ ಹೆಚ್ಚಾಗಿ ನಡೆಸಿದರೆ ಒಡನೆಯೇ ಮತ್ತೊಬ್ಬರ ಕೈ ಅಡ್ಡ ಬರುತ್ತದೆ. ಕಣ್ಣಿನ ಕಾವಲಿರುವಲ್ಲಿ ಮೋಸಕ್ಕೆ ಎಡೆಯಿಲ್ಲ.

ಆದರೆ ಎದುರಾಳಿಯು ಕಣ್ಣೆದುರಿಗೆ ಇಲ್ಲದಿದ್ದರೆ ಆಟ ನಡೆಯಬಲ್ಲದೆ? ಒಬ್ಬನು ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಲ್ಲಿಯೂ ಮತ್ತೊಬ್ಬನು ಕಡಲಾಚೆಯ ದೇಶದಲ್ಲಿಯೂ ಇದ್ದರೆ, ಇಲ್ಲಿ ಚೆಲ್ಲಿದ ಕವಡೆ ಅಲ್ಲಿಗೆ ಕಾಣುವುದು ಹೇಗೆ? ಈ ಪ್ರಶ್ನೆಗೆ ಮನುಷ್ಯನು ಇನ್ನೂರು ವರ್ಷಗಳಿಂದ ಬಗೆಬಗೆಯ ಉತ್ತರಗಳನ್ನು ಹುಡುಕುತ್ತ ಬಂದಿದ್ದಾನೆ. ಅವನು ಮೊದಲು ಅಂಚೆಯ ಕಾಗದವನ್ನೂ ಆಮೇಲೆ ತಂತಿಯನ್ನೂ ನೆಚ್ಚಿದನು. ಇಂದು ಕಂಪ್ಯೂಟರಿನ ತಂತ್ರಾಂಶವನ್ನೂ ಮಿಂಚಂಚೆಯನ್ನೂ ನೆಚ್ಚಿದ್ದಾನೆ.

ಯುದ್ಧವನ್ನು ಹಲಗೆಯ ಮೇಲೆ ಇಳಿಸಿದ ಆಟಗಳಲ್ಲಿ ಚದುರಂಗವು ಬಹು ಪ್ರಾಚೀನವಾದುದು. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಭಾರತದಲ್ಲಿ ಹುಟ್ಟಿದ ಈ ಆಟವು ಪರ್ಷಿಯಾಕ್ಕೆ ಹೋಯಿತು; ಅಲ್ಲಿಂದ ಅರಬರ ಮೂಲಕ ಯೂರೋಪನ್ನು ಸೇರಿತು. ಕನ್ನಡನಾಡಿನಲ್ಲಿ ಈ ಆಟಕ್ಕೆ ದೊಡ್ಡ ಆಶ್ರಯವಿತ್ತವನು ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು. ಇವರ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರಾದ ಅರಿಕುಠಾರವೇ ಮುಂದೆ ಚಾಮರಾಜನಗರವೆಂಬ ಹೆಸರನ್ನು ಪಡೆಯಿತು. ಮುಮ್ಮಡಿಯವರು ಚದುರಂಗವನ್ನು ಕುರಿತು 'ಚತುರಂಗ ಸಾರ ಸರ್ವಸ್ವ'ವೆಂಬ ಗ್ರಂಥವನ್ನು ರಚಿಸಿದರು. ಹಲಗೆಯ ಅರವತ್ತನಾಲ್ಕು ಮನೆಗಳಲ್ಲಿ ಪ್ರತಿಯೊಂದನ್ನೂ ಒಮ್ಮೆ ಮಾತ್ರ ಮೆಟ್ಟುವಂತೆ ಕುದುರೆಯನ್ನು ನಡೆಸುವ ಸಮಸ್ಯೆಗಳನ್ನು ಬಿಡಿಸುವುದರಲ್ಲಿ ಅವರು ನಿಪುಣರಾಗಿದ್ದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲಾಗಿದೆ. 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ಕೈಸೇರಿತು. ನೆಲದ ಮೇಲೆ ಸೇನೆಯನ್ನು ನಡೆಸುವ ಅಧಿಕಾರವಿಲ್ಲದ ಅರಸರು ಹಲಗೆಯ ಮೇಲಿನ ಸೇನೆಗೆ ಹೊಸ ಹೊಸ ದಾರಿಗಳನ್ನು ಕಂಡುಹಿಡಿದರು.

ಮುಮ್ಮಡಿಯವರು ಮೈಸೂರಿನಲ್ಲಿದ್ದ ಕಾಲದಲ್ಲಿಯೇ ಬ್ರಿಟನ್ನಿನಲ್ಲಿ ಒಂದು ಅಪೂರ್ವವಾದ ಪಂದ್ಯ ನಡೆಯಿತು. 1824ರಲ್ಲಿ ಲಂಡನ್ ನಗರದ ಚದುರಂಗ ಸಂಘಕ್ಕೂ ಎಡಿನ್‌ಬರೋ ನಗರದ ಸಂಘಕ್ಕೂ ಅಂಚೆಯ ಮೂಲಕ ಆಟ ಮೊದಲಾಯಿತು. ಒಂದು ಸಂಘವು ತನ್ನ ನಡೆಯನ್ನು ಕಾಗದದಲ್ಲಿ ಬರೆದು ಕಳಿಸುವುದು. ಮತ್ತೊಂದು ಸಂಘವು ತನ್ನ ಹಲಗೆಯ ಮೇಲೆ ಆ ನಡೆಯನ್ನು ಇಟ್ಟು, ಆಲೋಚಿಸಿ, ಪ್ರತ್ಯುತ್ತರ ಬರೆಯುವುದು. ಪಂದ್ಯವು 1828ರವರೆಗೆ ಸಾಗಿ, ಕೊನೆಗೆ ಎಡಿನ್‌ಬರೋ ಸಂಘವು ಗೆದ್ದಿತು. ಎದುರಾಳಿಯ ಮುಖವನ್ನು ನೋಡದೆಯೇ ಗಂಭೀರವಾದ ಆಟವಾಡಬಹುದೆಂಬುದು ಇದರಿಂದ ಸಿದ್ಧವಾಯಿತು. ಭಾರತದಲ್ಲಿ 1879ರಲ್ಲಿ ಅಂಚೆಕಾರ್ಡು ಬಳಕೆಗೆ ಬಂದಿತು. ಒಂದು ಕಾರ್ಡಿನಲ್ಲಿ ಒಂದು ನಡೆ ಸುಲಭವಾಗಿ ಹಿಡಿಸುತ್ತದೆ.

ಬೇರೆ ಬೇರೆ ಭಾಷೆಗಳನ್ನಾಡುವವರು ಹೀಗೆ ಆಡಬೇಕಾದಾಗ ಭಾಷೆಯೇ ಅಡ್ಡಿಯಾಗಬಾರದೆಂದು ಅಂಕಿಗಳ ಸಂಕೇತವೊಂದು ರೂಪುಗೊಂಡಿತು. ಹಲಗೆಯ ಎಂಟು ಉದ್ದಸಾಲುಗಳಿಗೂ ಎಂಟು ಅಡ್ಡಸಾಲುಗಳಿಗೂ 1ರಿಂದ 8ರವರೆಗೆ ಅಂಕಿ ಕೊಟ್ಟರೆ ಪ್ರತಿಯೊಂದು ಮನೆಗೂ ಎರಡಂಕಿಯ ಹೆಸರು ದೊರೆಯುತ್ತದೆ. 5254 ಎಂದು ಬರೆದರೆ, ಐದನೆಯ ಉದ್ದಸಾಲಿನ ಎರಡನೆಯ ಮನೆಯಲ್ಲಿರುವ ಕಾಯಿ ಅದೇ ಸಾಲಿನ ನಾಲ್ಕನೆಯ ಮನೆಗೆ ನಡೆಯಿತೆಂದು ಅರ್ಥ. ಕನ್ನಡಿಗನೂ ರಷ್ಯನೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೂ ನಾಲ್ಕು ಅಂಕಿಗಳಲ್ಲಿ ಸಂಭಾಷಿಸಬಹುದು. 1951ರಲ್ಲಿ ಅಂಚೆ ಚದುರಂಗಕ್ಕೆ ಅಂತರರಾಷ್ಟ್ರೀಯ ಒಕ್ಕೂಟವೊಂದು ಸ್ಥಾಪನೆಯಾಯಿತು. ಈ ಆಟದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕಳಿಸಿದ ನಡೆ ಕಳಿಸಿದ ನಡೆಯೇ. ಅಂಚೆಪೆಟ್ಟಿಗೆಗೆ ಹಾಕಿದ ಕಾಗದವನ್ನು ಹಿಂದಕ್ಕೆ ತೆಗೆಯಲಾಗದಂತೆ ಅದರಲ್ಲಿ ಬರೆದ ನಡೆಯನ್ನೂ ಹಿಂದಕ್ಕೆ ಪಡೆಯಲಾಗದು.

ಚದುರಂಗವು ಯುದ್ಧದ ಒಂದು ಸಂಕೇತವಷ್ಟೆ. ಅದರಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಮಳೆಗಾಲವಿಲ್ಲ, ಹಸಿವಿಲ್ಲ. ನಿಜವಾದ ರಣರಂಗಕ್ಕೆ ಇನ್ನಷ್ಟು ಹತ್ತಿರವಾದ ಆಟವನ್ನು ಕಟ್ಟಬೇಕೆಂಬ ಹಂಬಲ ಜರ್ಮನಿಯಲ್ಲಿ ಹುಟ್ಟಿತು. 1780ರಲ್ಲಿ ಹೆಲ್ವಿಗ್ ಎಂಬ ಗಣಿತಜ್ಞನು ಚದುರಂಗವನ್ನೇ ವಿಸ್ತರಿಸಿ, ಸಾವಿರಕ್ಕೂ ಹೆಚ್ಚು ಮನೆಗಳ ಹಲಗೆಯಲ್ಲಿ ಬಗೆಬಗೆಯ ನೆಲವನ್ನು ಬಣ್ಣಗಳಿಂದ ಸೂಚಿಸಿದನು. ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬ ತಂದೆಮಕ್ಕಳು ಇದನ್ನು ಮತ್ತಷ್ಟು ಬೆಳೆಸಿದರು. 1824ರಲ್ಲಿ ಮಗನು ಪ್ರಕಟಿಸಿದ ಆಟದಲ್ಲಿ ಚೌಕಗಳೇ ಇರಲಿಲ್ಲ. ಅಳತೆಗೆ ಸರಿಯಾಗಿ ಬರೆದ ಭೂಪಟವೇ ಹಲಗೆಯಾಯಿತು. ಕದನದ ಫಲವನ್ನು ದಾಳವು ತಿಳಿಸುತ್ತಿತ್ತು. ಎರಡು ಪಕ್ಷಗಳ ನಡುವೆ ಮಧ್ಯಸ್ಥನೊಬ್ಬನಿದ್ದು, ಯಾರಿಗೆ ಏನು ಕಾಣುತ್ತದೆಯೋ ಅಷ್ಟನ್ನು ಮಾತ್ರ ಅವರಿಗೆ ಹೇಳುತ್ತಿದ್ದನು. ಪ್ರಷ್ಯಾದ ಸೇನೆಯು ತನ್ನ ಅಧಿಕಾರಿಗಳ ಶಿಕ್ಷಣಕ್ಕೆ ಇದನ್ನು ಬಳಸಿಕೊಂಡಿತು.

ಸೇನೆಯ ಕೊಠಡಿಯಲ್ಲಿದ್ದ ಈ ಸಮರಕ್ರೀಡೆಯನ್ನು ಜನಸಾಮಾನ್ಯರ ಮೇಜಿಗೆ ತಂದವರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಎಂಬವನು ಪ್ರಮುಖನು. ಅವನು 1954ರಲ್ಲಿ 'ಟ್ಯಾಕ್ಟಿಕ್ಸ್' ಎಂಬ ಆಟವನ್ನು ಮಾರಾಟಕ್ಕೆ ತಂದನು. 1958ರಲ್ಲಿ ಅವನ ಅವಲಾನ್ ಹಿಲ್ ಸಂಸ್ಥೆಯು 'ಗೆಟಿಸ್‌ಬರ್ಗ್' ಎಂಬ ಐತಿಹಾಸಿಕ ಕದನದ ಆಟವನ್ನು ಪ್ರಕಟಿಸಿತು. ಇಂತಹ ಆಟಗಳಲ್ಲಿ ಭೂಪಟದ ಮೇಲೆ ಜೇನುಗೂಡಿನಂತೆ ಷಟ್ಕೋನಗಳನ್ನು ಹೆಣೆದಿರುತ್ತಾರೆ. ಇದಕ್ಕೆ ಕಾರಣವುಂಟು. ಚೌಕದಿಂದ ಪಕ್ಕದ ಚೌಕಕ್ಕಿರುವ ದೂರಕ್ಕಿಂತ ಮೂಲೆಯ ಚೌಕಕ್ಕಿರುವ ದೂರ ಹೆಚ್ಚು. ಷಟ್ಕೋನದಲ್ಲಿಯಾದರೋ ಸುತ್ತಲಿನ ಆರು ಮನೆಗಳೂ ಸಮಾನ ದೂರದಲ್ಲಿರುತ್ತವೆ. ಸೇನೆಯ ಒಂದೊಂದು ದಳಕ್ಕೆ ಒಂದೊಂದು ರಟ್ಟಿನ ಬಿಲ್ಲೆ. ಬಿಲ್ಲೆಯ ಮೇಲೆ ಆ ದಳದ ಬಲವನ್ನೂ ಒಂದು ಸರದಿಯಲ್ಲಿ ಅದು ನಡೆಯಬಲ್ಲ ದೂರವನ್ನೂ ಅಂಕಿಗಳಲ್ಲಿ ಮುದ್ರಿಸಿರುತ್ತಾರೆ. ಎರಡು ದಳಗಳು ಎದುರಾದಾಗ ಅವುಗಳ ಬಲದ ಪ್ರಮಾಣವನ್ನು ಲೆಕ್ಕಹಾಕಿ, ದಾಳ ಎಸೆದು, ಕೋಷ್ಟಕದಲ್ಲಿ ಫಲವನ್ನು ನೋಡಿಕೊಳ್ಳಬೇಕು.

ಇಂತಹ ಆಟವು ಇತಿಹಾಸದ ಕಾರಣಗಳನ್ನು ಕೈಗೆ ತಂದುಕೊಡುತ್ತದೆ ಎಂಬುದನ್ನು ಮೈಸೂರಿನ ಚರಿತ್ರೆಯಿಂದಲೇ ತಿಳಿಯಬಹುದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಸಮೀಪದ ಅರಕೆರೆಯವರೆಗೆ ಬಂದು ಕದನದಲ್ಲಿ ಮೇಲುಗೈ ಪಡೆದನು. ಆದರೂ ಅವನು ಹಿಂದಿರುಗಬೇಕಾಯಿತು. ಮಳೆ ಹಿಡಿದಿತ್ತು, ದವಸಧಾನ್ಯ ತೀರಿತ್ತು, ಫಿರಂಗಿಗಳನ್ನೆಳೆಯುವ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಕೋಟೆಯನ್ನೊಡೆಯಲು ತಂದಿದ್ದ ದೊಡ್ಡ ಫಿರಂಗಿಗಳನ್ನು ಅವನು ತಾನೇ ನಾಶಮಾಡಿ ನಡೆದನು. ಪುಸ್ತಕದಲ್ಲಿ ಇದು ಎರಡು ಸಾಲಿನ ಸಂಗತಿ. ಆಟದ ಹಲಗೆಯ ಮೇಲಾದರೋ ಪ್ರತಿಯೊಂದು ಸರದಿಯಲ್ಲಿಯೂ ಸೇನೆಗೆ ಆಹಾರವು ತಲಪುವ ದಾರಿಯನ್ನು ತೋರಿಸಬೇಕು. ತೋರಿಸಲಾಗದಿದ್ದರೆ ದಳದ ಬಲ ಕುಗ್ಗುತ್ತದೆ. ಗೆದ್ದವನು ಹಿಂದಿರುಗಿದುದೇಕೆ ಎಂಬುದು ಆಗ ಆಡುವವನ ಅನುಭವಕ್ಕೇ ಬರುತ್ತದೆ.

ಸಮರಕ್ರೀಡೆಯನ್ನು ದೂರದಿಂದ ಆಡಹೊರಟಾಗ ಚದುರಂಗದಲ್ಲಿಲ್ಲದ ಒಂದು ತೊಡಕು ಎದುರಾಯಿತು. ಅದು ದಾಳದ ತೊಡಕು. ಚದುರಂಗದಲ್ಲಿ ಅದೃಷ್ಟಕ್ಕೆ ಸ್ಥಾನವಿಲ್ಲ. ಆದುದರಿಂದ ನಡೆಯನ್ನು ಬರೆದು ಕಳಿಸಿದರೆ ಸಾಕು. ಸಮರಕ್ರೀಡೆಯಲ್ಲಿ ದಾಳ ಎಸೆಯಲೇಬೇಕು. ತನ್ನ ಕೋಣೆಯಲ್ಲಿ ಒಬ್ಬನೇ ಕುಳಿತು ದಾಳ ಎಸೆದವನು "ಆರು ಬಿದ್ದಿತು" ಎಂದು ಬರೆದರೆ ಅದನ್ನು ನಂಬುವುದು ಹೇಗೆ? ಇದಕ್ಕೆ ಅಮೆರಿಕದ ಆಟಗಾರರು ಒಂದು ಜಾಣ ಉಪಾಯವನ್ನು ಬಳಕೆಗೆ ತಂದರು. ದಾಳಿಮಾಡುವವನು ತನ್ನ ಕಾಗದದಲ್ಲಿಯೇ ಷೇರುಪೇಟೆಯ ಒಂದು ಕಂಪನಿಯ ಹೆಸರನ್ನೂ ಮುಂದೆ ಬರಲಿರುವ ಒಂದು ದಿನಾಂಕವನ್ನೂ ಬರೆಯಬೇಕು. ಆ ದಿನದ ವ್ಯವಹಾರವು ವೃತ್ತಪತ್ರಿಕೆಯಲ್ಲಿ ಅಚ್ಚಾದಾಗ, ಆ ಕಂಪನಿಯ ಷೇರುಗಳ ಮಾರಾಟದ ಸಂಖ್ಯೆಯ ಕೊನೆಯ ಅಂಕಿಯೇ ದಾಳದ ಗರವೆಂದು ಎಣಿಸಬೇಕು. ಕಾಗದ ಬರೆಯುವಾಗ ಆ ಅಂಕಿಯನ್ನು ಯಾರೂ ಅರಿಯರು. ಅಚ್ಚಾದ ಮೇಲೆ ಯಾರೂ ತಿದ್ದಲಾರರು. ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಪತ್ರಿಕೆಯನ್ನು ಬಿಡಿಸಿ ಒಂದೇ ಗರವನ್ನು ಕಾಣುತ್ತಿದ್ದರು.

ಇನ್ನೊಂದು ಉಪಾಯ ಮಧ್ಯಸ್ಥನದು. ಆಲನ್ ಕ್ಯಾಲಮರ್ ಎಂಬವನು 1959ರಲ್ಲಿ ಪ್ರಕಟಿಸಿದ 'ಡಿಪ್ಲೊಮಸಿ' ಎಂಬ ಆಟದಲ್ಲಿ ದಾಳವೇ ಇಲ್ಲ. ಯೂರೋಪಿನ ಏಳು ರಾಷ್ಟ್ರಗಳನ್ನು ಏಳು ಜನ ವಹಿಸಿಕೊಂಡು, ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಬರೆದು, ಏಕಕಾಲದಲ್ಲಿ ತೆರೆಯುತ್ತಾರೆ. ಅಂಚೆಯಲ್ಲಿ ಆಡುವಾಗ ಎಲ್ಲರೂ ಮಧ್ಯಸ್ಥನಿಗೆ ಬರೆಯುತ್ತಾರೆ. ಅವನು ಫಲವನ್ನು ಎಲ್ಲರಿಗೂ ತಿಳಿಸುತ್ತಾನೆ. ಈ ಆಟವು 1963ರಿಂದ ಅಂಚೆಯಲ್ಲಿ ನಡೆಯತೊಡಗಿತು. ಆಟವನ್ನು ನಿರ್ಮಿಸಿದ ಕ್ಯಾಲಮರನೇ ಮುಂದೆ ಅಂಚೆಯವನಾಗಿ ಕೆಲಸಮಾಡಿದನೆಂಬುದು ಒಂದು ಸ್ವಾರಸ್ಯ.

ಕಾಗದದ ಕಾಲವು ಕ್ರಮೇಣ ಹಿಂದೆ ಸರಿಯಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ತಂತ್ರಜ್ಞನು ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಜಾಲದ ಮೂಲಕ ಪತ್ರವನ್ನು ಕಳಿಸುವ ವಿಧಾನವನ್ನು ರೂಪಿಸಿದನು. ಇದೇ ಮಿಂಚಂಚೆಯ ಮೂಲ. ಭಾರತದಲ್ಲಿ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲದ ಸೌಲಭ್ಯ ದೊರೆಯಿತು. ವಾರಗಟ್ಟಲೆ ಕಾಯಬೇಕಾಗಿದ್ದ ಪತ್ರವು ಕ್ಷಣಮಾತ್ರದಲ್ಲಿ ತಲಪುವಂತಾಯಿತು. ಆದರೂ ಪತ್ರದ ಗುಣವೊಂದು ಅದರಲ್ಲಿ ಉಳಿಯಿತು. ಓದುವವನು ತನಗೆ ಬಿಡುವಾದಾಗ ಓದಬಹುದು. ಚಂದಕವಾಡಿಯಲ್ಲಿ ಸಂಜೆಯಾದಾಗ ಅಮೆರಿಕದಲ್ಲಿ ಬೆಳಗು. ಇಬ್ಬರೂ ಒಂದೇ ವೇಳೆಯಲ್ಲಿ ಎಚ್ಚರವಾಗಿ ಕುಳಿತಿರಬೇಕಾದ ಅಗತ್ಯವಿಲ್ಲ.

ಪತ್ರವೇನೋ ವೇಗವಾಯಿತು, ಹಲಗೆಯ ಗತಿಯೇನು? ನೂರಾರು ಬಿಲ್ಲೆಗಳಿರುವ ಆಟದಲ್ಲಿ ಪ್ರತಿಯೊಂದರ ನಡೆಯನ್ನೂ ಅಂಕಿಗಳಲ್ಲಿ ಬರೆಯುವುದು ಬೇಸರದ ಕೆಲಸ. ಒಂದು ಅಂಕಿ ತಪ್ಪಿದರೂ ಇಬ್ಬರ ಹಲಗೆಗಳು ಬೇರೆ ಬೇರೆಯಾಗಿಬಿಡುತ್ತವೆ. ಮನೆಯಲ್ಲಿ ತಿಂಗಳುಗಟ್ಟಲೆ ಹರಡಿಟ್ಟ ಹಲಗೆಯ ಮೇಲೆ ಮಗುವಿನ ಕೈಯೋ ಬೆಕ್ಕಿನ ಬಾಲವೋ ಆಡಿದರೆ ಯುದ್ಧವೇ ಮುಗಿಯಿತು. ಈ ತೊಂದರೆಗಳನ್ನು ನಿವಾರಿಸಲು ತಂತ್ರಾಂಶಗಳು ಹುಟ್ಟಿಕೊಂಡವು. ಸೈಬರ್‌ಬೋರ್ಡ್ ಅವುಗಳಲ್ಲಿ ಒಂದು, ವಾಸಲ್ ಮತ್ತೊಂದು. ವಾಸಲ್ ತಂತ್ರಾಂಶವನ್ನು 1990ರ ದಶಕದ ಕೊನೆಯ ವರ್ಷಗಳಲ್ಲಿ ರಾಡ್ನಿ ಕಿನ್ನಿ ಎಂಬವನು ಮೊದಲು ಒಂದೇ ಒಂದು ಸಮರಕ್ರೀಡೆಗಾಗಿ ರಚಿಸಿದನು. ಮುಂದೆ ಅದು ಎಲ್ಲ ಬಗೆಯ ಹಲಗೆಯಾಟಗಳಿಗೂ ಒದಗುವಂತೆ ಬೆಳೆಯಿತು. ಅದು ಉಚಿತವಾಗಿ ದೊರೆಯುತ್ತದೆ. ಬಲ್ಲವರು ಅದರ ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು.

ಇದು ಕೆಲಸಮಾಡುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯುವುದು ಸುಲಭ. ಚಾಮರಾಜನಗರದಿಂದ ದಕ್ಷಿಣಕ್ಕೆ ಸಾಗಿದರೆ ಮೈಸೂರಿನ ಪ್ರಸ್ಥಭೂಮಿ ಮುಗಿದು ಘಟ್ಟದ ಇಳಿಜಾರು ತೊಡಗುತ್ತದೆ. ಕೆಳಗೆ ಸತ್ಯಮಂಗಲವೂ ಭವಾನಿ ನದಿಯೂ ಇವೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಗಜಲಹಟ್ಟಿಯ ಕಣಿವೆಯಿಂದ ತನ್ನ ಸೇನೆಯನ್ನಿಳಿಸಿ, ಸತ್ಯಮಂಗಲದಲ್ಲಿದ್ದ ಕರ್ನಲ್ ಫ್ಲಾಯ್ಡನ ಬ್ರಿಟಿಷ್ ದಳದ ಮೇಲೆ ಬಿದ್ದನು, ಫ್ಲಾಯ್ಡನು ಹಿಮ್ಮೆಟ್ಟಿದನು. ಈ ಪ್ರದೇಶದ ಭೂಪಟಕ್ಕೆ ಷಟ್ಕೋನಗಳನ್ನು ಹೆಣೆದು ಚಂದಕವಾಡಿಯ ವಿದ್ಯಾರ್ಥಿಯೊಬ್ಬನು ಒಂದು ಆಟವನ್ನು ರಚಿಸಿದ್ದಾನೆಂದು ಇಟ್ಟುಕೊಳ್ಳಬಹುದು. ಬಯಲಿನ ಒಂದು ಮನೆಗೆ ಒಂದು ಅಂಶದಷ್ಟು ಶ್ರಮವಾದರೆ, ಘಟ್ಟದ ಮನೆಗೆ ಮೂರು ಅಂಶ. ತುಂಬಿದ ಹೊಳೆಯನ್ನು ದಾಟಲು ಇಡೀ ಸರದಿ ಬೇಕು. ಅವನು ಟಿಪ್ಪುವಿನ ಪಕ್ಷ. ಅಮೆರಿಕಕ್ಕೆ ಹೋಗಿ ನೆಲೆಸಿದ ಅವನ ಗೆಳೆಯನು ಫ್ಲಾಯ್ಡನ ಪಕ್ಷ.

ಭೂಪಟ, ಬಿಲ್ಲೆ, ದಾಳಗಳ ಚಿತ್ರಗಳನ್ನು ತಂತ್ರಾಂಶದಲ್ಲಿ ಒಟ್ಟುಗೂಡಿಸಿದ ಕಡತವು ಇಬ್ಬರ ಕಂಪ್ಯೂಟರುಗಳಲ್ಲಿಯೂ ಇರುತ್ತದೆ. ಪ್ರತಿಯೊಬ್ಬನೂ ತನ್ನ ಪಕ್ಷವನ್ನು ಗುಪ್ತಪದದಿಂದ ಭದ್ರಪಡಿಸಿಕೊಳ್ಳುತ್ತಾನೆ. ಚಂದಕವಾಡಿಯ ಹುಡುಗನು ದಾಖಲೆಯನ್ನು ಆರಂಭಿಸಿ, ಬಿಲ್ಲೆಗಳನ್ನು ಒಂದೊಂದಾಗಿ ಘಟ್ಟದಿಂದ ಇಳಿಸುತ್ತಾನೆ. ಮರೆಯಲ್ಲಿರಬೇಕಾದ ಬಿಲ್ಲೆಗಳಿಗೆ ಮುಸುಕು ಹಾಕುತ್ತಾನೆ. ಎದುರಾಳಿಗೆ ಆ ಬಿಲ್ಲೆಯ ಬೆನ್ನು ಮಾತ್ರ ಕಾಣುತ್ತದೆ. ದಾಳದ ಗುಂಡಿಯನ್ನು ಒತ್ತಿದೊಡನೆ ಬಿದ್ದ ಗರವೂ ದಾಖಲೆಗೆ ಸೇರುತ್ತದೆ. ಸರದಿ ಮುಗಿದ ಮೇಲೆ ಆ ದಾಖಲೆಯ ಕಡತವನ್ನು ಮಿಂಚಂಚೆಗೆ ಲಗತ್ತಿಸಿ ಕಳಿಸುತ್ತಾನೆ. ಅಮೆರಿಕದ ಗೆಳೆಯನು ಅದನ್ನು ತೆರೆದು, ಒಂದೊಂದೇ ಹೆಜ್ಜೆಯಾಗಿ ನಡೆಸಿ ನೋಡುತ್ತಾನೆ. ಬಿಲ್ಲೆಗಳು ನಡೆದ ಕ್ರಮದಲ್ಲಿಯೇ ನಡೆಯುತ್ತವೆ. ದಾಳಗಳು ಬಿದ್ದಂತೆಯೇ ಬೀಳುತ್ತವೆ. ಬಳಿಕ ಅವನು ತನ್ನ ಸರದಿಯನ್ನು ದಾಖಲಿಸಿ ಹಿಂದಕ್ಕೆ ಕಳಿಸುತ್ತಾನೆ. ಹೀಗೆ ಕಡತಗಳು ಹೋಗಿಬರುತ್ತ ಆಟವು ವಾರಗಳ, ಕೆಲವೊಮ್ಮೆ ತಿಂಗಳುಗಳ ಕಾಲ ಸಾಗುತ್ತದೆ.

ಇದರಲ್ಲಿಯೂ ತೊಡಕುಗಳಿಲ್ಲದೆ ಇಲ್ಲ. ದಾಳಿಯ ನಡುವೆ ಎದುರಾಳಿಯು ತನ್ನ ಆಯ್ಕೆಯನ್ನು ತಿಳಿಸಬೇಕಾದ ಆಟಗಳಲ್ಲಿ, ಒಂದೇ ಸರದಿಗೆ ನಾಲ್ಕಾರು ಪತ್ರಗಳು ಓಡಾಡಬೇಕಾಗುತ್ತದೆ. ಆದುದರಿಂದ ಅನುಭವಿಗಳು ಇಂತಹ ತಡೆಗಳು ಕಡಮೆಯಿರುವ ಆಟಗಳನ್ನೇ ಆರಿಸಿಕೊಳ್ಳುತ್ತಾರೆ. ಇಲ್ಲವೇ "ನೀನು ಬಂದರೆ ನಾನು ಹಿಂದೆ ಸರಿಯುತ್ತೇನೆ" ಎಂಬಂತಹ ಆಜ್ಞೆಗಳನ್ನು ಮೊದಲೇ ಬರೆದುಕೊಡುತ್ತಾರೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ದಾಳದ್ದೇ. ದಾಖಲೆ ಮಾಡುತ್ತಿರುವಾಗ ಕೆಟ್ಟ ಗರ ಬಿದ್ದಿತೆನ್ನಿ. ಆ ಕಡತವನ್ನು ಎಸೆದು, ಮೊದಲಿನಿಂದ ಮತ್ತೆ ದಾಖಲೆ ಮಾಡಿದರೆ ಒಳ್ಳೆಯ ಗರ ಬೀಳಬಹುದು. ಎದುರಾಳಿಗೆ ಅದರ ಸುಳಿವೂ ದೊರೆಯದು. ಇದನ್ನು ತಡೆಯಲು ಕೆಲವರು ದಾಳ ಎಸೆಯುವ ಕೆಲಸವನ್ನು ದೂರದ ಕಂಪ್ಯೂಟರಿಗೆ ಒಪ್ಪಿಸುತ್ತಾರೆ. ಅದು ಗರವನ್ನು ಒಂದೇ ಬಾರಿಗೆ ಇಬ್ಬರಿಗೂ ಮಿಂಚಂಚೆಯಲ್ಲಿ ತಿಳಿಸುತ್ತದೆ. ಷೇರುಪೇಟೆಯ ಅಂಕಿಯು ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ. ಬಾಗಿಲಿಗೆ ಬೀಗ ಹಾಕಬಹುದು; ಮನಸ್ಸಿಗೆ ಹಾಕಲಾಗದು. ದಾಳಕ್ಕೆ ಕಾವಲಿಟ್ಟರೂ, ಬಿಲ್ಲೆಯನ್ನು ಒಂದು ಮನೆ ಹೆಚ್ಚಾಗಿ ನಡೆಸುವ ಕೈಗೆ ಕಾವಲಿಡುವವರಾರು?

ಇಲ್ಲಿ ವಾಸಲ್ ಎಂಬ ಹೆಸರಿನ ಅರ್ಥವು ಗಮನಾರ್ಹವಾದುದು. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಾಮಂತನೆಂದು ಅರ್ಥ. ಸಾಮಂತನು ಕಪ್ಪ ತಂದೊಪ್ಪಿಸುವನು, ನ್ಯಾಯ ಹೇಳುವವನಲ್ಲ. ಈ ತಂತ್ರಾಂಶವೂ ಹಾಗೆಯೇ. ಹಲಗೆಯನ್ನು ಹಾಸುತ್ತದೆ, ಬಿಲ್ಲೆಗಳನ್ನು ಜೋಡಿಸುತ್ತದೆ, ಮುಚ್ಚಿದುದನ್ನು ಮುಚ್ಚಿಡುತ್ತದೆ, ನಡೆದುದನ್ನು ಬರೆದಿಡುತ್ತದೆ. ಆದರೆ ಬಹುಮಟ್ಟಿಗೆ ಆಟದ ನಿಯಮಗಳನ್ನು ಅದು ಅರಿಯದು. ಘಟ್ಟದ ಮೇಲೆ ಎರಡು ಮನೆ ನಡೆಯಬೇಕಾದ ಫಿರಂಗಿಯನ್ನು ಹತ್ತು ಮನೆ ನಡೆಸಿದರೂ ಅದು ಅಡ್ಡಿಮಾಡದು. ನಿಯಮವನ್ನು ಓದಿ ತಿಳಿದುಕೊಳ್ಳುವುದು, ತಿಳಿದುದನ್ನು ಪಾಲಿಸುವುದು, ಕೈತಪ್ಪಿ ನಡೆದುದನ್ನು ತಾನಾಗಿಯೇ ಒಪ್ಪಿಕೊಂಡು ತಿದ್ದುವುದು, ಇವೆಲ್ಲ ಆಡುವವನ ಹೊಣೆ.

ಚದುರಂಗದಲ್ಲಿ ನಡೆದುದನ್ನು ಇದರೊಡನೆ ಹೋಲಿಸಿ ನೋಡಬಹುದು. ಅಲ್ಲಿ ಕಂಪ್ಯೂಟರು ನಿಯಮವನ್ನು ಕಲಿತದ್ದೇ ಅಲ್ಲದೆ ಮನುಷ್ಯನನ್ನೂ ಮೀರಿಸಿತು. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರವು ವಿಶ್ವವಿಜೇತನಾಗಿದ್ದ ಕಾಸ್ಪರೋವನನ್ನು ಪಂದ್ಯದಲ್ಲಿ ಸೋಲಿಸಿತು. ದೂರದಿಂದ ಆಡುವ ಚದುರಂಗದಲ್ಲಿ ಯಂತ್ರದ ನೆರವನ್ನು ತಡೆಯುವುದು ಅಸಾಧ್ಯವೆನಿಸಿ, ಅಂತರರಾಷ್ಟ್ರೀಯ ಒಕ್ಕೂಟವು ಅದಕ್ಕೆ ಅನುಮತಿಯನ್ನೇ ಇತ್ತಿತು. ಬಲವಾದ ಯಂತ್ರಗಳು ಎರಡೂ ಕಡೆ ನಿಂತಾಗ ಸೋಲುಗೆಲುವಿಲ್ಲದೆ ಮುಗಿಯುವ ಆಟಗಳೇ ಹೆಚ್ಚಾದವು. ಯಂತ್ರವು ಯೋಚಿಸುವ ಆಟದಲ್ಲಿ ಮನುಷ್ಯನ ಪಾಲು ಕಿರಿದಾಯಿತು. ಯಂತ್ರವು ಹಲಗೆಯನ್ನಷ್ಟೇ ಹೊತ್ತುಕೊಂಡು ಹೋಗುವ ಆಟದಲ್ಲಿ ಯೋಚನೆಯೂ ಮಾನವನದೇ, ನಡತೆಯೂ ಮಾನವನದೇ.

ಯುದ್ಧವನ್ನು ಆಟವಾಗಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ರಟ್ಟಿನ ಬಿಲ್ಲೆಗೆ ನೋವಿಲ್ಲ. ಅದನ್ನು ಹಲಗೆಯಿಂದ ತೆಗೆದಿಟ್ಟಾಗ ಯಾವ ಮನೆಯಲ್ಲಿಯೂ ಗೋಳು ಏಳುವುದಿಲ್ಲ. ಈ ಭೇದವನ್ನು ಮರೆತವನು ಆಟದಿಂದ ಏನನ್ನೂ ಕಲಿಯಲಿಲ್ಲವೆಂದೇ ಹೇಳಬೇಕು. ಮನಸ್ಸಿಟ್ಟು ಆಡಿದವನಿಗಾದರೋ, ಎತ್ತುಗಳು ಸತ್ತರೆ ಸೇನೆ ನಿಲ್ಲುತ್ತದೆ, ಒಂದು ಮಳೆಯು ಒಂದು ಸಾಮ್ರಾಜ್ಯದ ಲೆಕ್ಕವನ್ನು ತಪ್ಪಿಸುತ್ತದೆ, ಗೆಲುವು ಎಂಬುದು ಎಷ್ಟೋ ವೇಳೆ ಸೋಲಿಗಿಂತ ಸ್ವಲ್ಪ ಕಡಮೆ ನಷ್ಟ ಮಾತ್ರ ಎಂಬ ಅರಿವು ಮೂಡುತ್ತದೆ. ಪ್ರತಿ ಸರದಿಯಲ್ಲಿಯೂ ಎದುರಾಳಿಯ ಕಣ್ಣಿನಿಂದ ಹಲಗೆಯನ್ನು ನೋಡಬೇಕಾಗುತ್ತದೆ. ವೈರಿಯ ಸ್ಥಾನದಲ್ಲಿ ನಿಂತು ಯೋಚಿಸಬಲ್ಲವನು ವೈರವನ್ನು ಹಗುರವಾಗಿ ಕಟ್ಟಿಕೊಳ್ಳಲಾರನು.

ಅಂಚೆಕಾರ್ಡಿನಿಂದ ಮಿಂಚಂಚೆಯವರೆಗೆ ಸಾಧನಗಳು ಬದಲಾಗುತ್ತ ಬಂದಿವೆ, ಮುಂದೆಯೂ ಬದಲಾಗುತ್ತವೆ. ದೂರವು ಕುಗ್ಗಿದೆ, ವೇಗವು ಹೆಚ್ಚಿದೆ, ಲೆಕ್ಕದ ಶ್ರಮ ಇಳಿದಿದೆ. ಆದರೆ ಇಂದಿಗೂ ಎದುರಾಳಿಯು ಕಳಿಸಿದ ಕಡತವನ್ನು ತೆರೆಯುವವನು ಅದರ ಹಿಂದಿರುವ ಮನುಷ್ಯನನ್ನು ನಂಬಿಯೇ ತೆರೆಯುತ್ತಾನೆ. ನೋಡುವವರಿದ್ದಾಗ ನಿಯಮವನ್ನು ಪಾಲಿಸುವುದು ಸುಲಭ. ಆಗ ಪಾಲಿಸುವುದು ಕಣ್ಣಿನ ಭಯ. ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ, ಸಾವಿರಾರು ಮೈಲಿ ದೂರದ ಎದುರಾಳಿಗಾಗಿ, ಬಿದ್ದ ಕೆಟ್ಟ ಗರವನ್ನು ಬಿದ್ದಂತೆಯೇ ಕಳಿಸುವವನು ಆಟದಲ್ಲಿ ಸೋಲಬಹುದು. ಸೋತರೂ ಅವನೊಡನೆ ಮತ್ತೊಮ್ಮೆ ಆಡಲು ಜನರು ಬಯಸುತ್ತಾರೆ. ಆಟಗಾರನಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ಪದಗಳ ಅರ್ಥ

ಗರ – ದಾಳ ಅಥವಾ ಕವಡೆ ಬಿದ್ದಾಗ ದೊರೆಯುವ ಎಣಿಕೆ
ಪದಾತಿ – ಕಾಲಾಳು
ಮಧ್ಯಸ್ಥ – ಎರಡು ಪಕ್ಷಗಳ ನಡುವೆ ನಿಂತು ತೀರ್ಪು ಹೇಳುವವನು
ಸಮರಕ್ರೀಡೆ – ಯುದ್ಧವನ್ನು ಅನುಕರಿಸುವ ಆಟ
ಷಟ್ಕೋನ – ಆರು ಮೂಲೆಗಳುಳ್ಳ ಆಕೃತಿ
ಕೋಷ್ಟಕ – ಮನೆಗಳಾಗಿ ವಿಂಗಡಿಸಿದ ಪಟ್ಟಿ
ಪ್ರಸ್ಥಭೂಮಿ – ಎತ್ತರದಲ್ಲಿರುವ ವಿಶಾಲವಾದ ಸಮತಟ್ಟು ನೆಲ
ತಂತ್ರಾಂಶ – ಕಂಪ್ಯೂಟರು ಮಾಡಬೇಕಾದ ಕೆಲಸವನ್ನು ವಿಧಿಸುವ ಆದೇಶಗಳ ಸಮೂಹ
ಮಿಂಚಂಚೆ – ಕಂಪ್ಯೂಟರಿನ ಜಾಲದ ಮೂಲಕ ಕಳಿಸುವ ಪತ್ರ, ಇ-ಮೇಲ್
ಕಡತ – ಒಟ್ಟಾಗಿ ಕಾಪಾಡಿದ ದಾಖಲೆ
ಸಾಮಂತ – ಚಕ್ರವರ್ತಿಗೆ ಅಧೀನನಾದ ಅರಸ
ಕಪ್ಪ – ಅಧೀನನಾದವನು ಒಪ್ಪಿಸುವ ಕಾಣಿಕೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚತುರಂಗ ಸೇನೆಯ ನಾಲ್ಕು ಅಂಗಗಳು ಯಾವುವು?
2. ಚಾಮರಾಜನಗರದ ಹಿಂದಿನ ಹೆಸರೇನು?
3. 5254 ಎಂಬ ಸಂಕೇತದ ಅರ್ಥವೇನು?
4. ಭೂಪಟದ ಮೇಲೆ ಚೌಕಗಳಿಗೆ ಬದಲಾಗಿ ಷಟ್ಕೋನಗಳನ್ನು ಹೆಣೆಯುವುದೇಕೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಅಂಚೆಯಲ್ಲಿ ಸಮರಕ್ರೀಡೆಯನ್ನಾಡುವವರು ದಾಳದ ತೊಡಕನ್ನು ಹೇಗೆ ಪರಿಹರಿಸಿಕೊಂಡರು?
2. ಅರಕೆರೆಯಲ್ಲಿ ಮೇಲುಗೈ ಪಡೆದ ಕಾರ್ನ್‌ವಾಲಿಸನು ಹಿಂದಿರುಗಿದುದೇಕೆ?
3. ಚಂದಕವಾಡಿಯ ಹುಡುಗನು ತನ್ನ ಸರದಿಯನ್ನು ಎದುರಾಳಿಗೆ ತಲಪಿಸುವ ಬಗೆಯನ್ನು ವಿವರಿಸಿರಿ.

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. "ಕಳಿಸಿದ ನಡೆ ಕಳಿಸಿದ ನಡೆಯೇ."
2. "ಸಾಮಂತನು ಕಪ್ಪ ತಂದೊಪ್ಪಿಸುವನು, ನ್ಯಾಯ ಹೇಳುವವನಲ್ಲ."
3. "ಬಾಗಿಲಿಗೆ ಬೀಗ ಹಾಕಬಹುದು; ಮನಸ್ಸಿಗೆ ಹಾಕಲಾಗದು."

ಈ. ಭಾಷಾಭ್ಯಾಸ
1. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ದೇವಾಲಯ, ಹಾಸುಗಲ್ಲು, ಮಳೆಗಾಲ, ಪ್ರತ್ಯುತ್ತರ.
2. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಕಣ್ಣಾರೆ, ಮೇಲುಗೈ, ಬಹುಮಟ್ಟಿಗೆ.

ಉ. ಚಟುವಟಿಕೆ
ನಿಮ್ಮ ಊರಿನ ಸುತ್ತಲಿನ ಪ್ರದೇಶದ ಭೂಪಟವನ್ನು ಬರೆದು ಷಟ್ಕೋನಗಳನ್ನು ಹೆಣೆಯಿರಿ. ಬಯಲು, ಕೆರೆ, ಬೆಟ್ಟ, ರಸ್ತೆಗಳಿಗೆ ನಡೆಯ ನಿಯಮಗಳನ್ನು ಗೊತ್ತುಮಾಡಿರಿ. ಬೇರೊಂದು ಶಾಲೆಯ ಸ್ನೇಹಿತನೊಡನೆ ಪತ್ರದ ಮೂಲಕ ಆಡಿ ನೋಡಿರಿ.